ಬರದ ನಾಡಿನ ದೇಹ: ಹಸಿವು, ಬೊಜ್ಜು ಮತ್ತು ಮಹಾಮಾರಿ



ಇತಿಹಾಸ ಎಂದೊಡನೆ ನಮ್ಮ ಕಣ್ಣ ಮುಂದೆ ನಿಲ್ಲುವುದು ಕೋಟೆ, ಕೊತ್ತಲ, ಗುಮ್ಮಟ ಮತ್ತು ಶಾಸನಗಳು. ಬಿಜಾಪುರ ಜಿಲ್ಲೆಯ ಮಟ್ಟಿಗಂತೂ ಈ ಮಾತು ಇನ್ನಷ್ಟು ನಿಜ. ಆದರೆ ಕಲ್ಲಿನ ಮೇಲೆ ಬರೆದಂತೆಯೇ ಮನುಷ್ಯನ ದೇಹದ ಮೇಲೂ ಇತಿಹಾಸ ಬರೆದಿರುತ್ತದೆ. ಒಂದು ನಾಡಿನ ಜನ ಎಷ್ಟು ಎತ್ತರ ಬೆಳೆದರು, ಎಷ್ಟು ತೂಗಿದರು, ಏನನ್ನು ಉಂಡರು, ರೋಗ ಬಂದಾಗ ಅವರಲ್ಲಿ ಯಾರು ಉಳಿದರು, ಯಾರು ಅಳಿದರು ಎಂಬ ಪ್ರಶ್ನೆಗಳು ರಾಜರ ವಂಶಾವಳಿಯಷ್ಟೇ ಮಹತ್ವದವು. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂಬ ನಾಲ್ಕು ತಾಲೂಕುಗಳ ನೆಲದಲ್ಲಿ ನಿಂತು ಈ ಪ್ರಶ್ನೆಗಳನ್ನು ಕೇಳುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಸರಳವಾದುದು. ಮಹಾಮಾರಿಯೊಂದು ಊರಿಗೆ ಬಂದಾಗ ಅದು ಎಲ್ಲರನ್ನೂ ಒಂದೇ ಸಮನಾಗಿ ಕಾಡುತ್ತದೆಯೇ? ಇಲ್ಲ ಎಂದು ಇತಿಹಾಸ ಹೇಳುತ್ತದೆ. ಅದು ದುರ್ಬಲ ದೇಹವನ್ನು ಹುಡುಕುತ್ತದೆ. ನೂರು ವರ್ಷಗಳ ಹಿಂದೆ ಆ ದುರ್ಬಲ ದೇಹ ಹಸಿದ ದೇಹವಾಗಿತ್ತು. ನಮ್ಮ ಕಾಲದಲ್ಲಿ ಅದರ ಜೊತೆಗೆ ಬೊಜ್ಜು ತುಂಬಿದ ದೇಹವೂ ಸೇರಿಕೊಂಡಿತು. ಈ ಬದಲಾವಣೆ ಹೇಗಾಯಿತು ಎಂಬುದನ್ನು ಹಂತ ಹಂತವಾಗಿ ನೋಡೋಣ.

ಮಳೆ ಕೈಕೊಟ್ಟ ನಾಡು

ಉತ್ತರಕ್ಕೆ ಭೀಮೆ, ದಕ್ಷಿಣಕ್ಕೆ ಕೃಷ್ಣೆ, ನಡುವೆ ಡೋಣಿ. ಇಂಡಿ ಮತ್ತು ಸಿಂದಗಿಯ ಅಂಚಿಗೆ ಭೀಮಾ ನದಿ ಹರಿದರೆ, ಬಸವನ ಬಾಗೇವಾಡಿ ಮತ್ತು ಮುದ್ದೇಬಿಹಾಳದ ಅಂಚಿಗೆ ಕೃಷ್ಣಾ ನದಿ. ಡೋಣಿ ಸಾಲಿನ ಎರೆಭೂಮಿ ಹಿಂಗಾರಿ ಜೋಳಕ್ಕೆ ಹೆಸರಾದದ್ದು. ಆ ಸಾಲು ಚೆನ್ನಾಗಿ ಬೆಳೆದರೆ ಉಣ್ಣುವವರೇ ಸಾಲದು, ಬೆಳೆಯದಿದ್ದರೆ ಉಣ್ಣಲು ಏನೂ ಇಲ್ಲ ಎಂಬರ್ಥದ ಮಾತು ಇಲ್ಲಿ ಹಿಂದಿನಿಂದಲೂ ಬಳಕೆಯಲ್ಲಿದೆ. ಒಂದೇ ಮಾತಿನಲ್ಲಿ ಸಮೃದ್ಧಿ ಮತ್ತು ಬರ ಎರಡನ್ನೂ ಹಿಡಿದಿಟ್ಟ ನುಡಿ ಅದು. ನದಿಗಳಿದ್ದರೂ ನೀರು ಹೊಲಕ್ಕೆ ಏರದ ಕಾಲದಲ್ಲಿ ಇಲ್ಲಿನ ಬದುಕು ಮಳೆಯನ್ನೇ ನಂಬಿತ್ತು. ಒಳ್ಳೆಯ ವರ್ಷದ ಜೋಳವನ್ನು ನೆಲದೊಳಗಿನ ಹಗೇವುಗಳಲ್ಲಿ ತುಂಬಿಟ್ಟು ಕೆಟ್ಟ ವರ್ಷವನ್ನು ದಾಟುವುದು ರೈತರ ಜಾಣ್ಮೆಯಾಗಿತ್ತು. ಎರಡು ಕೆಟ್ಟ ವರ್ಷಗಳು ಬೆನ್ನುಬೆನ್ನಿಗೆ ಬಂದರೆ ಮಾತ್ರ ಆ ಜಾಣ್ಮೆಯೂ ಸೋಲುತ್ತಿತ್ತು.

1791-92ರ ಕ್ಷಾಮವನ್ನು ಈ ಭಾಗದ ಜನ ತಲೆಬುರುಡೆಯ ಬರ ಎಂದು ನೆನೆಯುತ್ತಿದ್ದರು. ಹೂಳುವವರಿಲ್ಲದೆ ಬಿದ್ದ ಹೆಣಗಳ ಬುರುಡೆಗಳು ನೆಲದ ತುಂಬ ಹರಡಿದ್ದವೆಂಬುದೇ ಆ ಹೆಸರಿಗೆ ಕಾರಣ. ಅದಾದ ಮೇಲಿನ ದೊಡ್ಡ ಪೆಟ್ಟು 1876-78ರದು. ಆಗ ಈ ಜಿಲ್ಲೆಗೆ ಕಲಾದಗಿ ಜಿಲ್ಲೆ ಎಂಬ ಹೆಸರಿತ್ತು. ಜಿಲ್ಲಾ ಕೇಂದ್ರ ಬಿಜಾಪುರಕ್ಕೆ ಬಂದದ್ದು 1885ರಲ್ಲಿ. 1872ರ ಜನಗಣತಿಯಲ್ಲಿ ಎಂಟು ಲಕ್ಷಕ್ಕೂ ಮೀರಿದ್ದ ಜಿಲ್ಲೆಯ ಜನಸಂಖ್ಯೆ 1881ರ ಜನಗಣತಿಯ ಹೊತ್ತಿಗೆ ಆರೂವರೆ ಲಕ್ಷಕ್ಕಿಂತ ಕೆಳಗೆ ಇಳಿದಿತ್ತು. ಅಂದರೆ ಐವರಲ್ಲಿ ಒಬ್ಬರು ಕಾಣೆಯಾದಂತೆ. ಕೆಲವರು ಊರು ಬಿಟ್ಟು ಹೋದರು, ಮಿಕ್ಕವರು ಸತ್ತರು. ಸತ್ತವರಲ್ಲಿ ಬಹುಪಾಲು ಜನ ಬರೀ ಹಸಿವಿನಿಂದ ಸಾಯಲಿಲ್ಲ ಎಂಬುದನ್ನು ಗಮನಿಸಬೇಕು. ಹಸಿವು ದೇಹವನ್ನು ಸಡಿಲಿಸಿತು. ಕೊಂದದ್ದು ಕಾಲರಾ, ಆಮಶಂಕೆ ಮತ್ತು ಜ್ವರ. ಬರ ಮತ್ತು ರೋಗದ ಈ ಜೋಡಿಯೇ ನಮ್ಮ ಕಥೆಯ ಮೊದಲ ಎಳೆ.

ಒಂದು ಪೌಂಡು ಧಾನ್ಯದ ವಾದ

ಈ ಕ್ಷಾಮದ ನಡುವೆಯೇ ಸಾರ್ವಜನಿಕ ಆರೋಗ್ಯದ ಇತಿಹಾಸದಲ್ಲಿ ಮರೆಯಬಾರದ ಒಂದು ವಾದ ನಡೆಯಿತು. 1877ರ ಆರಂಭದಲ್ಲಿ ಭಾರತ ಸರ್ಕಾರದ ಕ್ಷಾಮ ಪ್ರತಿನಿಧಿಯಾಗಿ ದಕ್ಷಿಣಕ್ಕೆ ಬಂದ ಸರ್ ರಿಚರ್ಡ್ ಟೆಂಪಲ್ ಪರಿಹಾರ ಕಾಮಗಾರಿಯ ಕೂಲಿಯನ್ನು ಕಡಿತಗೊಳಿಸಿದರು. ದಿನಕ್ಕೆ ಒಂದೂವರೆ ಪೌಂಡು ಇದ್ದ ಧಾನ್ಯದ ಲೆಕ್ಕ ಒಂದು ಪೌಂಡಿಗೆ ಇಳಿಯಿತು. ಅದರ ಮೇಲೆ ಅಲ್ಪಸ್ವಲ್ಪ ಆಣೆ ಕಾಸು. ಒಂದು ಪೌಂಡು ಎಂದರೆ ಸುಮಾರು 450 ಗ್ರಾಂ. ನೂರು ಗ್ರಾಂ ಜೋಳ ಸುಮಾರು 350 ಕ್ಯಾಲರಿ ಶಕ್ತಿ ಕೊಡುತ್ತದೆ ಎಂದು ಇಟ್ಟುಕೊಂಡರೆ ಒಟ್ಟು 1,600 ಕ್ಯಾಲರಿಯೂ ಆಗುವುದಿಲ್ಲ. ಬಿಸಿಲಲ್ಲಿ ಕಲ್ಲು ಒಡೆಯುವ, ಮಣ್ಣು ಹೊರುವ ಗಂಡಾಳಿಗೆ ಅದು ಯಾವ ಲೆಕ್ಕಕ್ಕೂ ಸಾಲದು.

ಮದ್ರಾಸು ಪ್ರಾಂತದ ಸ್ಯಾನಿಟರಿ ಕಮಿಷನರ್ ಆಗಿದ್ದ ವೈದ್ಯ ವಿಲಿಯಂ ಕಾರ್ನಿಶ್ ಇದನ್ನು ಬಲವಾಗಿ ವಿರೋಧಿಸಿದರು. ಸೆರೆಮನೆಯ ಕೈದಿಗೆ ಕೊಡುವ ಆಹಾರವೂ ಇದಕ್ಕಿಂತ ಹೆಚ್ಚು ಎಂಬುದು ಅವರ ವಾದದ ತಿರುಳು. ಕೂಲಿಕಾರರ ದೇಹಸ್ಥಿತಿಯನ್ನೂ ಸಾವಿನ ಲೆಕ್ಕವನ್ನೂ ಮುಂದಿಟ್ಟು ಅವರು ಸರ್ಕಾರದೊಡನೆ ಪತ್ರಯುದ್ಧ ನಡೆಸಿದರು. ಮುಂಬಯಿ ಪ್ರಾಂತದ ದಖ್ಖನಿನ ಜಿಲ್ಲೆಗಳಲ್ಲಿ ಕೂಲಿಕಾರರು ಕಾಮಗಾರಿ ಬಿಟ್ಟು ಹೊರನಡೆದರು. ಪುಣೆಯ ಸಾರ್ವಜನಿಕ ಸಭೆ ಅವರ ಪರವಾಗಿ ಮನವಿಗಳನ್ನು ಬರೆಯಿತು. ಕೊನೆಗೆ ಮದ್ರಾಸಿನಲ್ಲಿ ಅಳತೆಯನ್ನು ಏರಿಸಬೇಕಾಯಿತು.

ಈ ವಾದದಲ್ಲಿ ಮೊದಲ ಬಾರಿಗೆ ಒಂದು ಸಂಗತಿ ಸ್ಪಷ್ಟವಾಯಿತು. ಮನುಷ್ಯ ಬದುಕಲು ಎಷ್ಟು ಬೇಕು ಎಂಬುದು ದಯೆಯ ಪ್ರಶ್ನೆಯಾಗಿ ಉಳಿಯದೆ ಅಳತೆಯ ಪ್ರಶ್ನೆಯೂ ಆಯಿತು. 1880ರ ಕ್ಷಾಮ ಆಯೋಗದ ವರದಿ, ಅದರ ಬೆನ್ನಿಗೆ ಬಂದ ಕ್ಷಾಮ ಸಂಹಿತೆಗಳು, ಹೊಟಗಿಯಿಂದ ಇಂಡಿ ರೋಡ್, ಬಿಜಾಪುರ, ಆಲಮಟ್ಟಿಗಳನ್ನು ಹಾದು ಗದಗಿಗೆ ಹೋದ ರೈಲುಮಾರ್ಗ, ಇವೆಲ್ಲ ಆ ಕ್ಷಾಮದ ಪಾಠಗಳಿಂದ ಹುಟ್ಟಿದವು. ಬರ ಬಂದಾಗ ಧಾನ್ಯ ತರಲಿ ಎಂದು ಹಾಕಿದ ರೈಲು ಮುಂದೆ ಇನ್ನೊಂದನ್ನೂ ಹೊತ್ತು ತಿರುಗಿತು.

1918: ಜ್ವರ ಬಂದ ವರ್ಷ

ಅದು ಮೊದಲ ಮಹಾಯುದ್ಧದ ಕೊನೆಯ ವರ್ಷ. 1918ರ ಜೂನ್‌ನಲ್ಲಿ ಮುಂಬಯಿ ಬಂದರಿನಲ್ಲಿ ಇನ್‌ಫ್ಲುಯೆಂಜಾ ಕಾಣಿಸಿಕೊಂಡಿತು. ಮೊದಲ ಅಲೆ ಹಗುರವಾಗಿತ್ತು. ಸೆಪ್ಟೆಂಬರ್‌ನಲ್ಲಿ ಬಂದ ಎರಡನೇ ಅಲೆ ಮಾರಕವಾಯಿತು. ಅಕ್ಟೋಬರ್ 6ರ ಒಂದೇ ದಿನ ಮುಂಬಯಿ ನಗರದಲ್ಲಿ 768 ಜನ ಸತ್ತರು. ಸೈನಿಕರು, ಅಂಚೆ ನೌಕರರು, ಊರಿಗೆ ಓಡಿ ಬರುತ್ತಿದ್ದ ಕೂಲಿಕಾರರು ರೈಲಿನಲ್ಲಿ ರೋಗವನ್ನು ಒಳನಾಡಿಗೆ ತಂದರು. ಬಿಜಾಪುರ ಜಿಲ್ಲೆಯೂ ಸೇರಿದ್ದ ಮುಂಬಯಿ ಪ್ರಾಂತದಲ್ಲಿ ಸತ್ತವರ ಸಂಖ್ಯೆ ಹತ್ತು ಲಕ್ಷವನ್ನು ಮುಟ್ಟಿತು.

ಅದೇ ವರ್ಷ ಮುಂಗಾರು ಸೋತಿತ್ತು. ಯುದ್ಧದಿಂದ ಮೊದಲೇ ಏರಿದ್ದ ಧಾನ್ಯದ ಬೆಲೆ ಗಗನಕ್ಕೇರಿತು. ಹಿಂಗಾರಿ ಬಿತ್ತನೆಯ ಹೊತ್ತಿಗೆ ಸರಿಯಾಗಿ ದುಡಿಯುವ ಕೈಗಳು ಹಾಸಿಗೆ ಹಿಡಿದವು. ಬರ ರೋಗವನ್ನು ಬಲಪಡಿಸಿತು, ರೋಗ ಬರವನ್ನು ಬೆಳೆಸಿತು. ಸತ್ತವರಲ್ಲಿ 20ರಿಂದ 40 ವರ್ಷದ ಪ್ರಾಯದವರೇ ಹೆಚ್ಚು. ಅವರಲ್ಲೂ ಗಂಡಸರಿಗಿಂತ ಹೆಂಗಸರು ಹೆಚ್ಚಾಗಿ ಸತ್ತರು. ಮನೆಯಲ್ಲಿ ಎಲ್ಲರೂ ಉಂಡ ಮೇಲೆ ಮಿಕ್ಕದ್ದನ್ನು ಉಣ್ಣುವವಳು ಹೆಣ್ಣು, ರೋಗಿಗಳ ಆರೈಕೆಗೆ ಕೂಡುವವಳೂ ಹೆಣ್ಣು ಎಂಬುದನ್ನು ನೆನೆದರೆ ಕಾರಣ ತಿಳಿಯುವುದು ಕಷ್ಟವಲ್ಲ.

ಮುಂಬಯಿ ನಗರದ ಅಂಕಿಗಳು ಇನ್ನೊಂದು ಸತ್ಯವನ್ನು ಹೇಳುತ್ತವೆ. ಸಾವಿರ ಜನರಿಗೆ ಸತ್ತವರ ಪ್ರಮಾಣ ಯುರೋಪಿಯನ್ನರಲ್ಲಿ 8.3, ಪಾರ್ಸಿಗಳಲ್ಲಿ 9, ಸವರ್ಣ ಹಿಂದೂಗಳಲ್ಲಿ 18.9. ಅಂದು ಕೆಳಜಾತಿ ಎಂದು ಕರೆಯಲಾಗುತ್ತಿದ್ದ ಬಡ ಹಿಂದೂಗಳಲ್ಲಿ ಅದು 61.6. ವೈರಾಣು ಒಂದೇ, ಊರು ಒಂದೇ. ಬೇರೆಯಾಗಿದ್ದುದು ಮನೆಯ ಕಿಟಕಿ, ಕುಡಿಯುವ ನೀರು, ಔಷಧಿಯ ಅನುಕೂಲ ಮತ್ತು ಹೊಟ್ಟೆಗೆ ಬೀಳುತ್ತಿದ್ದ ಅನ್ನ.

ಸತ್ತವರೆಷ್ಟು? ದೇಶದಲ್ಲಿ 60 ಲಕ್ಷ ಎಂಬುದು ಸರ್ಕಾರದ ಮೊದಲ ಅಂದಾಜು. 1921ರ ಜನಗಣತಿಯ ನಂತರ ಅದು ಎರಡರಷ್ಟಾಯಿತು. ಈಚಿನ ಸಂಶೋಧಕರ ಲೆಕ್ಕಗಳು ಒಂದೂಕಾಲು ಕೋಟಿಯಿಂದ ಎರಡು ಕೋಟಿಯವರೆಗೆ ಹರಡಿವೆ. ಲೆಕ್ಕ ಇಷ್ಟು ಏರುಪೇರಾಗಲು ಕಾರಣವೂ ಇತಿಹಾಸದ ಪಾಠವೇ. ಹಳ್ಳಿಯ ಮರಣ ಪುಸ್ತಕದಲ್ಲಿ ಕಾರಣ ಬರೆಯುತ್ತಿದ್ದವರು ವೈದ್ಯರಲ್ಲ. ಯಾರು ಸತ್ತರೂ ಬಹುಮಟ್ಟಿಗೆ ‘ಜ್ವರ’ ಎಂಬ ಒಂದೇ ಪದ. ಬರೆಯುವವನೇ ಹಾಸಿಗೆ ಹಿಡಿದಾಗ ಅದೂ ಇಲ್ಲ. 1911ರಿಂದ 1921ರ ನಡುವೆ ಇಂದಿನ ಭಾರತದ ನೆಲದ ಜನಸಂಖ್ಯೆ 25.21 ಕೋಟಿಯಿಂದ 25.13 ಕೋಟಿಗೆ ಇಳಿಯಿತು. ದೇಶದ ಜನಗಣತಿಯ ಇತಿಹಾಸದಲ್ಲಿ ಜನಸಂಖ್ಯೆ ಇಳಿದ ದಶಕ ಅದೊಂದೇ.

ದೇಹವನ್ನು ಅಳೆಯುವ ವಿದ್ಯೆ

ಆ ವರ್ಷವೇ ರಾಬರ್ಟ್ ಮ್ಯಾಕ್‌ಕ್ಯಾರಿಸನ್ ಎಂಬ ವೈದ್ಯರು ನೀಲಗಿರಿಯ ಕೂನೂರಿನಲ್ಲಿ ಆಹಾರದ ಕೊರತೆಯ ರೋಗಗಳ ಅಧ್ಯಯನ ಆರಂಭಿಸಿದರು. ಆ ಚಿಕ್ಕ ಪ್ರಯೋಗಶಾಲೆ ಬೆಳೆದು 1958ರಲ್ಲಿ ಹೈದರಾಬಾದಿಗೆ ಸಾಗಿತು. ಇಂದು ಅದು ರಾಷ್ಟ್ರೀಯ ಪೌಷ್ಟಿಕಾಂಶ ಸಂಸ್ಥೆ. ಜೋಳವನ್ನೇ ನಂಬಿದ ದಖ್ಖನಿನ ಬಡವರಲ್ಲಿ ಬಿಸಿಲು ತಾಗಿದ ಚರ್ಮ ಕಪ್ಪಾಗಿ ಸಿಪ್ಪೆ ಏಳುವ ಪೆಲಗ್ರಾ ಎಂಬ ರೋಗ ಕಾಣುತ್ತಿದ್ದುದನ್ನು ಅಲ್ಲಿನ ಸಿ. ಗೋಪಾಲನ್ ಮತ್ತು ಎಸ್. ಜಿ. ಶ್ರೀಕಂಠಯ್ಯ 1960ರ ಸುಮಾರಿಗೆ ವಿವರವಾಗಿ ಅಧ್ಯಯನ ಮಾಡಿದರು. ಜೋಳದಲ್ಲಿ ಲ್ಯೂಸಿನ್ ಎಂಬ ಅಂಶ ಹೆಚ್ಚಿರುವುದು ಇದಕ್ಕೆ ಕಾರಣವಿರಬಹುದೆಂಬುದು ಅವರ ವಾದ. ಜೋಳ ಕೆಟ್ಟದ್ದು ಎಂಬುದು ಇದರ ಅರ್ಥವಲ್ಲ. ರೊಟ್ಟಿಯ ಜೊತೆಗೆ ಕಾಳಿನ ಪಲ್ಯ, ಶೇಂಗಾ ಹಿಂಡಿ, ಪುಂಡಿಪಲ್ಲೆ, ಮಜ್ಜಿಗೆ ಇದ್ದ ಮನೆಯಲ್ಲಿ ಈ ರೋಗದ ಭಯ ಕಡಿಮೆ. ಬರೀ ರೊಟ್ಟಿಗೆ ಉಪ್ಪು ಮೆಣಸಿನಕಾಯಿ ನಂಚಿಕೊಂಡು ಉಣ್ಣುವವರಿಗೆ ಅದು ಕಟ್ಟಿಟ್ಟ ಬುತ್ತಿ.

ತೂಕವನ್ನು ಎತ್ತರದೊಡನೆ ಹೋಲಿಸುವ ಸೂತ್ರ ಇದಕ್ಕಿಂತ ಹಳೆಯದು. ಬೆಲ್ಜಿಯಂ ದೇಶದ ಖಗೋಳವಿಜ್ಞಾನಿ ಅಡಾಲ್ಫ್ ಕೆಟಲೆ 1830ರ ದಶಕದಲ್ಲಿ ಅದನ್ನು ರೂಪಿಸಿದ. ಅಮೆರಿಕದ ಆನ್ಸೆಲ್ ಕೀಸ್ 1972ರಲ್ಲಿ ಅದಕ್ಕೆ ದೇಹ ದ್ರವ್ಯರಾಶಿ ಸೂಚ್ಯಂಕ ಎಂಬ ಹೆಸರು ಕೊಟ್ಟ. ಕಿಲೋದಲ್ಲಿ ತೂಕವನ್ನು ತೆಗೆದುಕೊಂಡು, ಮೀಟರ್‌ನಲ್ಲಿರುವ ಎತ್ತರದ ವರ್ಗದಿಂದ ಭಾಗಿಸಿದರೆ ಸಿಗುವ ಸಂಖ್ಯೆ ಇದು. 160 ಸೆಂಟಿಮೀಟರ್ ಎತ್ತರದವರು 64 ಕಿಲೋ ತೂಗಿದರೆ ಸೂಚ್ಯಂಕ 25. ಅದೇ ಎತ್ತರದವರು 46 ಕಿಲೋ ಇದ್ದರೆ ಸುಮಾರು 18. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ 18.5ಕ್ಕಿಂತ ಕೆಳಗೆ ಕಡಿಮೆ ತೂಕ, 25 ಮತ್ತು ಮೇಲೆ ಅಧಿಕ ತೂಕ, 30 ಮತ್ತು ಮೇಲೆ ಬೊಜ್ಜು. ಏಷ್ಯಾದ ಜನರಿಗೆ 23ರಿಂದಲೇ ಎಚ್ಚರಿಕೆ ಬೇಕೆಂದು 2004ರಲ್ಲಿ ತಜ್ಞರು ಸೂಚಿಸಿದರು.

ನಮಗೇಕೆ ಬೇರೆ ಗೆರೆ? ಅದಕ್ಕೆ ಉತ್ತರ ಪುಣೆಯಿಂದ ಬಂತು. ಅಲ್ಲಿನ ವೈದ್ಯ ಚಿತ್ತರಂಜನ್ ಯಾಜ್ಞಿಕ್ ಮತ್ತು ಅವರ ಬ್ರಿಟಿಷ್ ಸಹೋದ್ಯೋಗಿ ಜಾನ್ ಯುಡ್ಕಿನ್ ಇಬ್ಬರ ಸೂಚ್ಯಂಕವೂ 22.3. ಆದರೆ ಬ್ರಿಟಿಷ್ ವೈದ್ಯರ ದೇಹದಲ್ಲಿ ಕೊಬ್ಬು ಶೇಕಡ 9.1, ಭಾರತೀಯ ವೈದ್ಯರ ದೇಹದಲ್ಲಿ ಶೇಕಡ 21.2. ಇಬ್ಬರೂ ತಮ್ಮ ಚಿತ್ರವನ್ನೇ 2004ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಪ್ರಕಟಿಸಿ ಜಗತ್ತಿನ ಗಮನ ಸೆಳೆದರು. ನೋಡಲು ತೆಳ್ಳಗೆ, ಒಳಗೆ ಕೊಬ್ಬು. ಪುಣೆಯ ಸುತ್ತಲಿನ ಹಳ್ಳಿಗಳ ನವಜಾತ ಶಿಶುಗಳಲ್ಲೂ ಇದೇ ಗುಣ ಕಂಡಿತು. ಆ ಕೂಸುಗಳು ಇಂಗ್ಲೆಂಡಿನ ಕೂಸುಗಳಿಗಿಂತ ಬಹಳ ಹಗುರ. ಆದರೆ ಕಡಿಮೆಯಾಗಿದ್ದುದು ಮಾಂಸ, ಚರ್ಮದಡಿಯ ಕೊಬ್ಬು ಅಷ್ಟಾಗಿ ಕಡಿಮೆಯಾಗಿರಲಿಲ್ಲ.

ಮೈಸೂರಿನ ಹೆರಿಗೆ ಪುಸ್ತಕಗಳು

ಈ ಒಗಟಿನ ಇನ್ನೊಂದು ತುಂಡು ನಮ್ಮ ಮೈಸೂರಿನಲ್ಲೇ ಇತ್ತು. ಅಲ್ಲಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ 1934ರಿಂದ ಹುಟ್ಟಿದ ಪ್ರತಿ ಕೂಸಿನ ತೂಕ, ಉದ್ದ, ತಲೆಯ ಸುತ್ತಳತೆಯನ್ನು ದಾದಿಯರು ಪುಸ್ತಕದಲ್ಲಿ ಬರೆದಿಟ್ಟಿದ್ದರು. ಯಾವುದೋ ದಿನ ಉಪಯೋಗಕ್ಕೆ ಬರುತ್ತದೆ ಎಂದು ಬರೆದದ್ದಲ್ಲ, ಬರೆಯಬೇಕು ಎಂಬ ಶಿಸ್ತಿನಿಂದ ಬರೆದದ್ದು. ದಶಕಗಳ ನಂತರ ಕ್ಯಾರೊಲಿನ್ ಫಾಲ್, ಡೇವಿಡ್ ಬಾರ್ಕರ್ ಮೊದಲಾದ ಸಂಶೋಧಕರು ಆ ಪುಸ್ತಕಗಳನ್ನು ಹಿಡಿದು, 1934ರಿಂದ 1954ರ ನಡುವೆ ಅಲ್ಲಿ ಹುಟ್ಟಿ ಮೈಸೂರಿನಲ್ಲೇ ಉಳಿದಿದ್ದ 517 ಜನರನ್ನು ಪರೀಕ್ಷಿಸಿದರು. ಹುಟ್ಟುವಾಗ ಎರಡೂವರೆ ಕಿಲೋ ಅಥವಾ ಅದಕ್ಕಿಂತ ಕಡಿಮೆ ತೂಗಿದವರಲ್ಲಿ ಶೇಕಡ 11 ಮಂದಿಗೆ ಹೃದಯದ ರಕ್ತನಾಳದ ಕಾಯಿಲೆ. 3.1 ಕಿಲೋ ಅಥವಾ ಮೇಲೆ ತೂಗಿದವರಲ್ಲಿ ಅದು ಶೇಕಡ 3. ಈ ಫಲಿತಾಂಶ 1996ರಲ್ಲಿ ಪ್ರಕಟವಾಯಿತು.

ಇದರ ಅರ್ಥವನ್ನು ನಿಧಾನವಾಗಿ ಯೋಚಿಸಬೇಕು. ತಾಯಿ ಹಸಿದಿದ್ದಾಗ ಗರ್ಭದ ಕೂಸು ಕೊರತೆಗೆ ಹೊಂದಿಕೊಳ್ಳುತ್ತದೆ. ಸಿಕ್ಕಷ್ಟರಲ್ಲಿ ಬದುಕಲು, ಸಿಕ್ಕದ್ದನ್ನು ಕೂಡಿಡಲು ಅದರ ದೇಹ ಕಲಿಯುತ್ತದೆ. ಮುಂದೆ ಕೊರತೆ ಮುಂದುವರಿದರೆ ಆ ಕಲಿಕೆ ಉಪಯೋಗಕ್ಕೆ ಬಂದೀತು. ಆದರೆ ಅದೇ ದೇಹದ ಮುಂದೆ ನಡುವಯಸ್ಸಿನಲ್ಲಿ ಸಕ್ಕರೆ, ಎಣ್ಣೆ, ಕುಳಿತು ಮಾಡುವ ಕೆಲಸಗಳು ಬಂದರೆ ಕೂಡಿಡುವ ಗುಣವೇ ಮುಳುವಾಗುತ್ತದೆ. ಹಸಿವು ಮತ್ತು ಬೊಜ್ಜು ಎರಡು ವಿರುದ್ಧ ಧ್ರುವಗಳೆಂದು ನಾವು ತಿಳಿದಿದ್ದೆವು. ಅವು ಒಂದೇ ಹಗ್ಗದ ಎರಡು ತುದಿಗಳು ಎಂದು ಈ ಸಂಶೋಧನೆಗಳು ತೋರಿಸಿದವು.

1994ರಲ್ಲಿ ಅಮೆರಿಕದ ಜೆಫ್ರಿ ಫ್ರೀಡ್‌ಮನ್ ತಂಡ ಲೆಪ್ಟಿನ್ ಎಂಬ ಹಾರ್ಮೋನನ್ನು ಕಂಡುಹಿಡಿದ ಮೇಲೆ ಇನ್ನೊಂದು ಬಾಗಿಲು ತೆರೆಯಿತು. ಕೊಬ್ಬು ಬರೀ ಹಗೇವಿನಂಥ ದಾಸ್ತಾನಲ್ಲ. ಅದು ರಕ್ತಕ್ಕೆ ಸಂದೇಶ ಕಳಿಸುವ ಅಂಗ. ಉಪವಾಸ ಬಿದ್ದ ದೇಹದಲ್ಲಿ ಲೆಪ್ಟಿನ್ ಕುಸಿದು ರೋಗನಿರೋಧಕ ಕಣಗಳು ಮಂಕಾಗುತ್ತವೆ. ಬೊಜ್ಜು ಮೀರಿದ ದೇಹದಲ್ಲಿ ಕೊಬ್ಬಿನ ಅಂಗಾಂಶ ಸದಾ ಸಣ್ಣಗೆ ಉರಿಯುತ್ತಿದ್ದು ಅದೇ ನಿರೋಧಕ ವ್ಯವಸ್ಥೆಯನ್ನು ದಣಿಸುತ್ತದೆ. ಎರಡು ದಾರಿ, ತಲುಪುವ ಜಾಗ ಒಂದೇ.

2009 ಮತ್ತು 2020

2009ರಲ್ಲಿ ಎಚ್1ಎನ್1 ಇನ್‌ಫ್ಲುಯೆಂಜಾ ಜಗತ್ತನ್ನು ಸುತ್ತಿದಾಗ ಕ್ಯಾಲಿಫೋರ್ನಿಯಾದ ವೈದ್ಯರು ಒಂದು ಹೊಸ ಸಂಗತಿ ಗುರುತಿಸಿದರು. ಆಸ್ಪತ್ರೆಗೆ ಸೇರಿ ಗಂಭೀರ ಸ್ಥಿತಿ ಮುಟ್ಟಿದವರಲ್ಲಿ ಬೊಜ್ಜು ಇದ್ದವರು ಎದ್ದು ಕಾಣುವಷ್ಟಿದ್ದರು. ಇನ್‌ಫ್ಲುಯೆಂಜಾದ ಅಪಾಯಗಳ ಪಟ್ಟಿಯಲ್ಲಿ ಬೊಜ್ಜು ಸೇರಿದ್ದು ಆಗಲೇ. 2012ರಲ್ಲಿ ಪ್ರಕಟವಾದ ಅಮೆರಿಕದ ಮತ್ತೊಂದು ಅಧ್ಯಯನ, ಲಸಿಕೆ ಪಡೆದ ಒಂದು ವರ್ಷದಲ್ಲಿ ಬೊಜ್ಜಿರುವವರ ರಕ್ಷಣೆ ಉಳಿದವರಿಗಿಂತ ಬೇಗ ಇಳಿಯುವುದನ್ನು ತೋರಿಸಿತು.

ನಂತರ ಬಂದದ್ದು ಕೋವಿಡ್. ಭಾರತದ ಮೊದಲ ಕೋವಿಡ್ ಸಾವು 2020ರ ಮಾರ್ಚ್‌ನಲ್ಲಿ ಸಂಭವಿಸಿದ್ದು ಸಿಂದಗಿಗೆ ನೆರೆಯ ಕಲಬುರಗಿಯ 76 ವರ್ಷದ ಹಿರಿಯರದು. ಬ್ರಿಟನ್ನಿನಲ್ಲಿ ಸುಮಾರು 1.7 ಕೋಟಿ ಜನರ ವೈದ್ಯಕೀಯ ದಾಖಲೆಗಳನ್ನು ಪರಿಶೀಲಿಸಿದ ಅಧ್ಯಯನ ಅದೇ ವರ್ಷ ಜುಲೈನಲ್ಲಿ ಪ್ರಕಟವಾಯಿತು. ಸೂಚ್ಯಂಕ 40 ಮೀರಿದವರಿಗೆ ಸಾವಿನ ಅಪಾಯ ಬೊಜ್ಜಿಲ್ಲದವರಿಗಿಂತ ಸುಮಾರು ಎರಡರಷ್ಟು. ಹಲವು ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಬ್ಯಾರಿ ಪಾಪ್ಕಿನ್ ತಂಡ, ಬೊಜ್ಜಿರುವ ಸೋಂಕಿತರು ಆಸ್ಪತ್ರೆ ಸೇರುವ ಸಂಭವ ಇಮ್ಮಡಿಗೂ ಹೆಚ್ಚು, ಸಾಯುವ ಸಂಭವ ಶೇಕಡ 48ರಷ್ಟು ಹೆಚ್ಚು ಎಂದು ಕಂಡುಕೊಂಡಿತು. ಕಾರಣಗಳೂ ತಿಳಿಯುತ್ತ ಬಂದವು. ಹೊಟ್ಟೆಯ ಕೊಬ್ಬು ವಪೆಯನ್ನು ಮೇಲಕ್ಕೊತ್ತಿ ಶ್ವಾಸಕೋಶ ಪೂರ್ತಿ ಹಿಗ್ಗಲು ಬಿಡುವುದಿಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ ಜೊತೆಗಿರುತ್ತವೆ. ರಕ್ತ ಹೆಪ್ಪುಗಟ್ಟುವ ಪ್ರವೃತ್ತಿಯೂ ಹೆಚ್ಚು.

ಇಲ್ಲಿ ಒಂದು ಎಚ್ಚರಿಕೆಯ ಮಾತು. 2021ರ ಮಾರ್ಚ್‌ನಲ್ಲಿ ವಿಶ್ವ ಬೊಜ್ಜು ಒಕ್ಕೂಟ ಒಂದು ವರದಿ ಪ್ರಕಟಿಸಿತು. ಅಲ್ಲಿಯವರೆಗಿನ 25 ಲಕ್ಷ ಕೋವಿಡ್ ಸಾವುಗಳಲ್ಲಿ 22 ಲಕ್ಷ ಸಾವುಗಳು, ಅರ್ಧಕ್ಕಿಂತ ಹೆಚ್ಚು ವಯಸ್ಕರು ಅಧಿಕ ತೂಕದವರಾಗಿರುವ ದೇಶಗಳಲ್ಲಿ ಆದವು ಎಂಬುದು ಅದರ ಮುಖ್ಯ ಅಂಶ. ಓದಿದೊಡನೆ, ಸತ್ತ 22 ಲಕ್ಷ ಜನರಿಗೂ ಬೊಜ್ಜಿತ್ತು ಎಂದು ತಿಳಿದರೆ ತಪ್ಪಾಗುತ್ತದೆ. ಅದು ದೇಶಗಳ ಲೆಕ್ಕ, ವ್ಯಕ್ತಿಗಳ ಲೆಕ್ಕವಲ್ಲ. ಆ ದೇಶಗಳಲ್ಲಿ ಮುದುಕರ ಸಂಖ್ಯೆಯೂ ಹೆಚ್ಚು. ಸಾವನ್ನು ಪರೀಕ್ಷಿಸಿ ದಾಖಲಿಸುವ ವ್ಯವಸ್ಥೆಯೂ ಹೆಚ್ಚು ಚೊಕ್ಕ. ಬ್ರಿಟನ್ನಿನ ಅದೇ ಅಧ್ಯಯನದಲ್ಲಿ 50ರ ಹರೆಯದವರಿಗಿಂತ 80 ದಾಟಿದವರ ಅಪಾಯ ಸುಮಾರು ಇಪ್ಪತ್ತು ಪಟ್ಟು ಇತ್ತು. ಬೊಜ್ಜಿಗಿಂತ ವಯಸ್ಸಿನ ಪಾತ್ರ ಎಷ್ಟೋ ದೊಡ್ಡದು. ಹೀಗೆ ಒಂದು ಅಂಕಿ ಏನನ್ನು ಹೇಳುತ್ತದೆ, ಏನನ್ನು ಹೇಳುವುದಿಲ್ಲ ಎಂದು ಬೇರ್ಪಡಿಸಿ ನೋಡುವುದೇ ಸಂಶೋಧನೆಯ ಮೊದಲ ಪಾಠ. 1918ರ ‘ಜ್ವರ’ ಎಂಬ ದಾಖಲೆಗೂ 2021ರ ಸಾವಿನ ಪಟ್ಟಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ನಾಲ್ಕು ತಾಲೂಕುಗಳ ಇಂದಿನ ತಟ್ಟೆ

ಈಗ ಮತ್ತೆ ನಮ್ಮ ನೆಲಕ್ಕೆ ಬರೋಣ. 1933ರಲ್ಲಿ ಬಿಜಾಪುರದಲ್ಲಿ ಒಣಬೇಸಾಯ ಸಂಶೋಧನಾ ಕೇಂದ್ರ ಆರಂಭವಾಯಿತು. 1964ರ ಮೇ 22ರಂದು ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಣೆಕಟ್ಟಿಗೆ ಅಡಿಗಲ್ಲು ಇಟ್ಟರು. 1972ರ ಬರದಲ್ಲಿ ಜನ ಮತ್ತೆ ಕಾಮಗಾರಿಗಳಲ್ಲಿ ಕಲ್ಲು ಒಡೆದರೂ 1877ರಂತೆ ಐವರಲ್ಲಿ ಒಬ್ಬರು ಇಲ್ಲವಾಗಲಿಲ್ಲ. ಇದು ಸಣ್ಣ ಸಾಧನೆಯಲ್ಲ. ಕಾಲುವೆ ನೀರು ಬಂದಲ್ಲಿ ಕಬ್ಬು ಬಂತು. ಇಂಡಿಯ ಲಿಂಬೆಗೆ ದೂರದ ಮಾರುಕಟ್ಟೆ ಸಿಕ್ಕಿತು. ಪಡಿತರದ ಅಕ್ಕಿ ಮನೆಮನೆಗೆ ಬಂತು. ಹಸಿವಿನ ಮಟ್ಟಿಗೆ ಅದು ದೊಡ್ಡ ಆಸರೆ. ಜೊತೆಗೆ ದಿನಕ್ಕೆರಡು ಹೊತ್ತು ಜೋಳದ ರೊಟ್ಟಿ ಬಡಿಯುತ್ತಿದ್ದ ಮನೆಗಳಲ್ಲಿ ಅನ್ನದ ಪಾಲು ಏರಿತು. ಎತ್ತು ಹೂಡುತ್ತಿದ್ದ ಹೊಲಕ್ಕೆ ಟ್ರ್ಯಾಕ್ಟರ್ ಬಂತು, ನಡೆದು ಹೋಗುತ್ತಿದ್ದ ಹಾದಿಗೆ ಮೋಟಾರ್ ಸೈಕಲ್ ಬಂತು. ಬಸ್ ನಿಲ್ದಾಣದ ಅಂಗಡಿಯಲ್ಲಿ ಬಾಟಲಿಯ ಸಿಹಿ ಪಾನೀಯ, ಪೊಟ್ಟಣದ ಕುರುಕಲು ತೂಗಾಡಿದವು.

2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಯಸ್ಕ ಹೆಂಗಸರು ಮತ್ತು ಗಂಡಸರಲ್ಲಿ ಸುಮಾರು ಶೇಕಡ 30 ಮಂದಿ ಅಧಿಕ ತೂಕದವರು ಅಥವಾ ಬೊಜ್ಜಿನವರು. ಅದೇ ಸಮೀಕ್ಷೆ ದೇಶದ ಶೇಕಡ 18.7 ಹೆಂಗಸರು ಇನ್ನೂ ಕಡಿಮೆ ತೂಕದವರೆಂದೂ ಹೇಳುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನದ ಪ್ರಕಾರ ದೇಶದ ವಯಸ್ಕರಲ್ಲಿ ಶೇಕಡ 11.4 ಮಂದಿಗೆ ಸಕ್ಕರೆ ಕಾಯಿಲೆ. ಒಂದೇ ಊರಿನಲ್ಲಿ, ಕೆಲವೊಮ್ಮೆ ಒಂದೇ ಮನೆಯಲ್ಲಿ, ತೂಕ ಏರದ ಮಗುವೂ ತೂಕ ಇಳಿಯದ ತಾಯಿಯೂ ಇರುವ ಕಾಲ ಇದು. ಬೊಜ್ಜು ಸಿರಿವಂತರ ಸೊತ್ತು ಎಂಬ ಹಳೆಯ ಮಾತು ಈಗ ನಿಲ್ಲುವುದಿಲ್ಲ. ಅಗ್ಗದ ಸಕ್ಕರೆ, ಅಗ್ಗದ ಎಣ್ಣೆಯ ಕಾಲದಲ್ಲಿ ಕಾಳು, ತರಕಾರಿ, ಹಾಲು, ಹಣ್ಣುಗಳೇ ತುಟ್ಟಿ.

2020ರ ಬೇಸಿಗೆಯನ್ನು ನೆನೆಯಿರಿ. ಮಹಾರಾಷ್ಟ್ರ, ಗೋವಾಗಳಿಗೆ ಗುಳೆ ಹೋಗಿದ್ದ ಕುಟುಂಬಗಳು ಕೆಲಸ ಕಳೆದುಕೊಂಡು ಊರಿಗೂ ತಾಂಡಾಗಳಿಗೂ ಮರಳಿದವು. 2002ರಿಂದ ಉತ್ತರ ಕರ್ನಾಟಕದ ಶಾಲೆಗಳಲ್ಲಿ ಬೇಯುತ್ತಿದ್ದ ಅಕ್ಷರ ದಾಸೋಹದ ಬಿಸಿಯೂಟ, ಶಾಲೆ ಮುಚ್ಚಿದೊಡನೆ ನಿಂತಿತು. ಬದಲಿಗೆ ಮಕ್ಕಳ ಮನೆಗೆ ಧಾನ್ಯ ಕೊಟ್ಟರೂ ಅದು ಬಿಸಿಯೂಟದ ಸಮವಲ್ಲ. ಪಟ್ಟಣದ ಮನೆಗಳಲ್ಲಿ ಮಕ್ಕಳು ಆಟವಿಲ್ಲದೆ ಕುಳಿತು ದಪ್ಪಗಾದರು, ಗುಳೆಯ ಮನೆಗಳಲ್ಲಿ ಮಕ್ಕಳು ಸೊರಗಿದರು. ಒಂದೇ ಮಹಾಮಾರಿ ಎರಡೂ ಕೆಲಸ ಮಾಡಿತು. ಶಾಲೆಗಳು ತೆರೆದ ಮೇಲೆ, 2021ರ ಡಿಸೆಂಬರ್‌ನಲ್ಲಿ ರಾಜ್ಯ ಸರ್ಕಾರ ಅಪೌಷ್ಟಿಕತೆ ಮತ್ತು ರಕ್ತಹೀನತೆ ಹೆಚ್ಚಿರುವ ಏಳು ಜಿಲ್ಲೆಗಳ ಶಾಲೆಗಳಲ್ಲಿ ಬೇಯಿಸಿದ ಮೊಟ್ಟೆ, ಬೇಡವೆನ್ನುವವರಿಗೆ ಬಾಳೆಹಣ್ಣು ಕೊಡಲು ಆರಂಭಿಸಿತು. ಆ ಏಳರಲ್ಲಿ ವಿಜಯಪುರವೂ ಒಂದು. ಕಾರ್ನಿಶ್ ಮತ್ತು ಟೆಂಪಲ್ ನಡುವಿನ ಹಳೆಯ ಪ್ರಶ್ನೆ, ಅಂದರೆ ಬೆಳೆಯುವ, ದುಡಿಯುವ ದೇಹಕ್ಕೆ ಎಷ್ಟು ಬೇಕು, ಏನು ಬೇಕು ಎಂಬ ಪ್ರಶ್ನೆ, 144 ವರ್ಷಗಳ ನಂತರ ಶಾಲೆಯ ಅಡುಗೆಮನೆಯಲ್ಲಿ ಮತ್ತೆ ಎದ್ದು ನಿಂತಿತು.

ನಾವು ಕಲಿಯುವುದೇನು?

ಮೊದಲನೆಯದು, ಮಹಾಮಾರಿಯ ಸಿದ್ಧತೆ ಆಸ್ಪತ್ರೆಯ ಹಾಸಿಗೆಯಿಂದ ಆರಂಭವಾಗುವುದಿಲ್ಲ. ಅದು ಗರ್ಭಿಣಿಯ ತಟ್ಟೆಯಿಂದ ಆರಂಭವಾಗುತ್ತದೆ. ಇಂದು ಹುಟ್ಟುವ ಕೂಸಿನ ತೂಕ ನಲವತ್ತು ವರ್ಷಗಳ ನಂತರ ಬರಬಹುದಾದ ರೋಗದ ಎದುರು ಅದು ಹೇಗೆ ನಿಲ್ಲುತ್ತದೆ ಎಂಬುದರಲ್ಲಿ ಪಾಲು ಪಡೆಯುತ್ತದೆ.

ಎರಡನೆಯದು, ದೇಹದ ತೂಕವನ್ನು ನೋಡಿ ಯಾರನ್ನೂ ಹಳಿಯಬಾರದು. 1877ರಲ್ಲಿ ಹಸಿದವರನ್ನು ಸೋಮಾರಿಗಳೆಂದು ಕರೆದವರಿದ್ದರು. ಇಂದು ದಪ್ಪಗಿರುವವರನ್ನು ಹಾಗೆ ಕರೆಯುವವರಿದ್ದಾರೆ. ಬೆಲೆ, ಕೆಲಸ, ನೀರು, ತಾಯಿಯ ಹಸಿವು, ಅಂಗಡಿಯಲ್ಲಿ ಸಿಗುವ ತಿಂಡಿ ಇವೆಲ್ಲ ಸೇರಿ ದೇಹವನ್ನು ರೂಪಿಸುತ್ತವೆ. ಒಬ್ಬರ ಮನಸ್ಸಿನ ಬಲ ಅದರಲ್ಲಿ ಒಂದು ಪಾಲು ಮಾತ್ರ.

ಮೂರನೆಯದು ದಾಖಲೆಯ ಬೆಲೆ. ಮೈಸೂರಿನ ದಾದಿಯರು ಬರೆದಿಟ್ಟ ಕಾರಣ ನಾವು ಕಲಿತೆವು. 1918ರಲ್ಲಿ ಸರಿಯಾಗಿ ಬರೆಯದ ಕಾರಣ ಲಕ್ಷಾಂತರ ಜನ ಹೆಸರೂ ಲೆಕ್ಕವೂ ಇಲ್ಲದೆ ಹೋದರು. ಅಂಗನವಾಡಿಯಲ್ಲಿ ತಿಂಗಳಿಗೊಮ್ಮೆ ಮಗುವನ್ನು ತೂಗಿ ಬರೆಯುವ ಕಾರ್ಯಕರ್ತೆಯ ಪುಸ್ತಕ ನಾಳಿನ ಇತಿಹಾಸಕಾರನ ಶಾಸನ.

ವಿದ್ಯಾರ್ಥಿಗಳು ತಾವೇ ಮಾಡಬಹುದಾದ ಕೆಲವು ಕೆಲಸಗಳನ್ನು ಸೂಚಿಸಿ ಈ ಲೇಖನವನ್ನು ಮುಗಿಸಬಹುದು. ನಿಮ್ಮ ಊರಿನ ಹಿರಿಯರನ್ನು 1972ರ ಬರದ ಬಗ್ಗೆ ಕೇಳಿರಿ. ಆಗ ಮನೆಯಲ್ಲಿ ಏನು ಉಣ್ಣುತ್ತಿದ್ದರು, ಯಾರು ಕೊನೆಗೆ ಉಣ್ಣುತ್ತಿದ್ದರು ಎಂದು ಬರೆದುಕೊಳ್ಳಿರಿ. ಅದೇ ಮನೆಯಲ್ಲಿ ಇಂದು ಒಂದು ವಾರ ಏನು ಉಣ್ಣುತ್ತಾರೆ ಎಂಬ ಪಟ್ಟಿ ಮಾಡಿರಿ. ನಿಮ್ಮ ತರಗತಿಯ ಎಲ್ಲರ ಎತ್ತರ ಮತ್ತು ತೂಕವನ್ನು, ಹೆಸರು ಬರೆಯದೆ, ಗುರುಗಳ ನೆರವಿನಿಂದ ಅಳೆದು ಸರಾಸರಿ ತೆಗೆಯಿರಿ. ಹದಿನೆಂಟು ತುಂಬದವರಿಗೆ ವಯಸ್ಸಿನ ಪ್ರಕಾರ ಬೇರೆ ಕೋಷ್ಟಕಗಳಿವೆ ಎಂಬುದನ್ನು ಮರೆಯಬೇಡಿರಿ. ಈ ಮೂರು ಹಾಳೆಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ನಿಮ್ಮ ಊರಿನ ಅರ್ಧ ಶತಮಾನದ ಚರಿತ್ರೆ ನಿಮ್ಮ ಕೈಯಲ್ಲಿರುತ್ತದೆ. ಮುಂದಿನ ಮಹಾಮಾರಿ ಯಾವಾಗ ಬರುತ್ತದೆ ಎಂದು ಯಾರೂ ಹೇಳಲಾರರು. ಅದು ಬಂದಾಗ ನಮ್ಮ ಊರಿನ ದೇಹಗಳು ಹೇಗಿರುತ್ತವೆ ಎಂಬುದು ಮಾತ್ರ ಇಂದಿನ ತಟ್ಟೆ, ಇಂದಿನ ಅಂಗಳ ಮತ್ತು ಇಂದಿನ ಆಡಳಿತದ ಕೈಯಲ್ಲಿದೆ.